ಮಿಲಿಟರಿ ಮೊದಲೋ, ಡಿಗ್ರಿ ಮೊದಲೋ

ಗೆಳೆಯರೇ, ತುರುವೇಕೆರೆಯ ನನ್ನ ಸೈಬರ್ ಸೆಂಟರಿಗೆ ಇವತ್ತು ದಂಡಿನಶಿವರ ಕಡೆಯ ಒಬ್ಬ ಅಪ್ಪ, ಮಗಳು ಬಂದರು. ಹುಡುಗಿ ಈಗಷ್ಟೇ ಪಿಯುಸಿ ಮುಗಿಸಿದ್ದಾಳೆ.

"ಅಣ್ಣ, ಅಗ್ನಿವೀರ್ ಅರ್ಜಿ ಹಾಕಿ" ಎಂದಳು.

"ಬ್ಯಾಡ ಸಾರ್, ಬಿ.ಎಸ್ಸಿ. ಅಡ್ಮಿಷನ್‌ದು ಹಾಕಿ" ಎಂದರು ಅಪ್ಪ. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟು ಇಬ್ಬರ ಮುಖ ನೋಡಿದೆ.

ಅಪ್ಪ ಮಗಳ ಕಡೆ ತಿರುಗಿದರು. "ಮಿಲಿಟ್ರಿಗೆ ಹೋಗ್ಬ್ಯಾಡ ಅಂದ್ನೇನವ್ವ? ಡಿಗ್ರಿ ಮಾಡ್ಕಂಡು ಆಫೀಸರ್ ಆಗೇ ಹೋಗು."

"ಡಿಗ್ರಿ ಮುಗಿಯೋಷ್ಟರಲ್ಲಿ ನೀನು ಗಂಡು ನೋಡಿರ್ತೀಯ ಕಣಪ್ಪ. ಅಕ್ಕಂಗೂ ಹಿಂಗೇ ಓದ್ಸ್ತೀನಿ ಅಂದಿದ್ದೆ."

ಅಪ್ಪ ನನ್ನಿಂದ ಒಂದು ಹಾಳೆ ಇಸಿದುಕೊಂಡು, ತೆಂಗಿನಕಾಯಿ ಸುಲಿದೂ ಸುಲಿದೂ ಒರಟಾದ ಬೆರಳಲ್ಲಿ ನಿಧಾನವಾಗಿ ಬರೆದರು: "ನನ್ನ ಮಗಳು ಡಿಗ್ರಿ ಮುಗಿಸಿ ಮಿಲಿಟರಿ ಪರೀಕ್ಷೆ ಬರೆಯುವ ತನಕ ಮದುವೆ ಮಾತು ಎತ್ತುವುದಿಲ್ಲ."

ಅವಳು ಎರಡು ಸಲ ಓದಿದಳು. "ಸೈನ್ ಹಾಕಪ್ಪ" ಎಂದಳು. ಹಾಕಿದರು.

"ಬಿ.ಎಸ್ಸಿ.ದೇ ಹಾಕಿ ಅಣ್ಣ. ಇದನ್ನ ಲ್ಯಾಮಿನೇಷನ್ ಮಾಡ್ಕೊಡಿ."

ಇಷ್ಟು ವರ್ಷದಲ್ಲಿ ಎಷ್ಟೋ ಮಕ್ಕಳ ಅರ್ಜಿ ತುಂಬಿದ್ದೇನೆ. ಒಬ್ಬ ಅಪ್ಪ ತನ್ನ ಮಗಳಿಗೇ ಅರ್ಜಿ ಬರೆದು ಸೈನ್ ಹಾಕಿಕೊಟ್ಟಿದ್ದನ್ನು ನೋಡಿದ್ದು ಇವತ್ತೇ.