ಹಿಮ ಕಾಣದ ಕೊರಗಪ್ಪನ ತೂತಿನ ಫುಟ್‌ಬೋರ್ಡ್

೧೯೯೦ರ ಜನವರಿಯಲ್ಲಿ ಕುವೈತ್ ನಗರದ ಶುವೈಖ್‌ನ ಗ್ಯಾರೇಜಿಗೆ ಕುವೈತಿಯೊಬ್ಬರು ಹಿಮದ ಮೇಲೆ ಓಡುವ ಸ್ಕೂಟರ್ ತಂದರು. ಟರ್ಕಿಯ ಬೆಟ್ಟಗಳಲ್ಲಿ ಅದರ ಫುಟ್‌ಬೋರ್ಡಿನ ಮೇಲೆ ಹಿಮ ಗಟ್ಟಿಯಾಗಿ ಬೂಟು ಜಾರುತ್ತಿತ್ತಂತೆ. ಗ್ಯಾರೇಜಿನ ವೆಲ್ಡರ್ ಕೊರಗಪ್ಪ ಬಂಟ್ವಾಳದವನು. ಹಿಮ ಕಂಡವನೇ ಅಲ್ಲ.

"ನಿಮ್ಮ ಫ್ರೀಜರಿನ ಗೋಡೆ ಕೆರೆದು ಒಂದು ಬಕೆಟ್ ತಾ ಮಾರಾಯ" ಎಂದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿದ್ದ ಗೆಳೆಯ ಶಬೀರನಿಗೆ ಹೇಳಿದ.

ಆ ಬಿಳಿ ಪುಡಿಯನ್ನು ಫುಟ್‌ಬೋರ್ಡಿಗೆ ಸುರಿದು ತುಳಿದರೆ ಕಲ್ಲಾಯಿತು, ಕಾಲು ಜಾರಿತು. ಕೊರಗಪ್ಪ ತಗಡಿನ ತುಂಬ ದೊಡ್ಡ ತೂತು ಕೊರೆದು, ಅಂಚುಗಳನ್ನು ತುರಿಮಣೆಯ ಹಲ್ಲಿನಂತೆ ಮೇಲೆಬ್ಬಿಸಿದ. ಮತ್ತೆ ತುಳಿದಾಗ ಪುಡಿ ಕೆಳಗೆ ಉದುರಿತು. ಬೂಟು ಕಚ್ಚಿ ನಿಂತಿತು.

ಮಾರ್ಚ್ ತಿಂಗಳಲ್ಲಿ ಟರ್ಕಿಯಿಂದ ಮರಳಿ ಬಂದ ಕುವೈತಿ, "ಒಮ್ಮೆಯೂ ಜಾರಲಿಲ್ಲ" ಎಂದರು.

"ಸಾಹೇಬ್ರೇ, ಹಿಮ ಬೀಳುವಾಗ ಸದ್ದು ಆಗ್ತದಾ?" ಕೊರಗಪ್ಪ ಕೇಳಿದ.

ಅವರು ಯೋಚಿಸಿ ನಕ್ಕರು. "ಇಲ್ಲ. ಇದ್ದ ಸದ್ದೂ ಅಡಗುತ್ತದೆ."