ಕಣದಲ್ಲಿ ಹೊಲಿದ ಹಾಯಿ

ನನ್ನ ಗಂಡ ತೀರಿಕೊಂಡ ಮೇಲೆ ಮಾತಾಡಿಸಲು ಬಂದವರೆಲ್ಲ ಅವರನ್ನು ದೇವರಂಥ ಮನುಷ್ಯ ಅಂದರು. ಮೊದಲ ವಾರ ನಾನೂ ತಲೆಯಾಡಿಸಿದೆ. ಎರಡನೆಯ ವಾರಕ್ಕೆ ಬೇಸರ ಬಂತು. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಯಾವ ದೇವರೂ ತಾಟು ದೂಡುವುದಿಲ್ಲ. ಇವರು ದೂಡುತ್ತಿದ್ದರು, ಆಮೇಲೆ ಯಾರೂ ನೋಡದಾಗ ಎಳೆದುಕೊಂಡು ಉಣ್ಣುತ್ತಿದ್ದರು. ಬಂದವರು ಹೀಗೇ ಹೊಗಳುತ್ತಾ ಹೋದರೆ ನನ್ನ ಜೊತೆ ಇದ್ದ ಮನುಷ್ಯ ನನಗೇ ಮರೆತುಹೋಗುತ್ತಾರೆ ಎಂದು ಹೆದರಿಕೆಯಾಗಿ ಇದನ್ನು ಬರೆಯುತ್ತಿದ್ದೇನೆ. ಏಳನೇ ಇಯತ್ತೆ ಪಾಸಾಗಿದ್ದೇನೆ, ಅಷ್ಟು ಸಾಕು.

ಅವರು ಮುದ್ದೇಬಿಹಾಳದಲ್ಲಿ ದರ್ಜಿ. ಅಂಗಿ ಹೊಲಿದರೆ ಒಂದು ತೋಳು ಗಿಡ್ಡ ಬರುತ್ತಿತ್ತು. ಹಾಗಾಗಿ ಜನ ಅವರಿಗೆ ತೋಳಿಲ್ಲದ ಕೆಲಸವನ್ನೇ ಕೊಡುತ್ತಿದ್ದರು: ಲಾರಿಯ ತಾಡಪತ್ರಿ, ಬಂಡಿಯ ಮೇಲ್ಹೊದಿಕೆ, ಮದುವೆಯ ಹಂದರದ ಬಟ್ಟೆ. ಸಿಂದಗಿ, ದೇವರ ಹಿಪ್ಪರಗಿಯ ಸಂತೆಯಲ್ಲಿ ಅಂಗಡಿ ಹಾಕುವವರೂ ಹುಡುಕಿಕೊಂಡು ಬರುತ್ತಿದ್ದರು. ದಬ್ಬಣ ಹಿಡಿದು ಅವರು ಹಾಕಿದ ಹೊಲಿಗೆ ಮಳೆಗಾಳಿಗೆ ಬಿಚ್ಚುತ್ತಿರಲಿಲ್ಲ. ಬಿಚ್ಚಲು ನಮ್ಮ ಕಡೆ ಮಳೆ ಎಲ್ಲಿತ್ತು ಎಂದು ನಾನು ಅನ್ನುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ಹೊನ್ನಾವರದಿಂದ ಹಂಚು, ತೆಂಗಿನಕಾಯಿ ತರುತ್ತಿದ್ದ ಲಾರಿಯವನೊಬ್ಬ ಇವರಿಂದ ತಾಡಪತ್ರಿ ಹೊಲಿಸಿದ್ದ. ಅವನ ಅಣ್ಣನದು ಸಮುದ್ರದಲ್ಲಿ ಸಾಮಾನು ಸಾಗಿಸುವ ಮಂಜಿ, ಅಂದರೆ ದೊಡ್ಡ ಹಾಯಿದೋಣಿ. ಅದರ ಹಾಯಿ ಹರಿದಿತ್ತು. ಹಳೆಯ ಹಾಯಿಯನ್ನು ಅಳತೆಗೆಂದೂ ಹೊಸ ಬಟ್ಟೆಯನ್ನು ಥಾನುಗಟ್ಟಲೆಯೂ ಲಾರಿಯಲ್ಲಿ ಹೇರಿಕೊಂಡು ಬಂದು, ಹೊಲಿದು ಕೊಡು ಅಂದ. ಇವರು ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದರು. ಆದರೂ ಇಂಥವು ಎಷ್ಟೋ ಹೊಲಿದವರಂತೆ ಬಟ್ಟೆ ಮುಟ್ಟಿ ನೋಡಿ ಹೂಂ ಅಂದರು.

ಅಷ್ಟು ದೊಡ್ಡ ಬಟ್ಟೆ ಹಾಸಲು ಮನೆಯಲ್ಲಿ ಜಾಗವಿಲ್ಲ. ಜೋಳದ ರಾಶಿ ಮುಗಿದ ಕಣವೊಂದು ಖಾಲಿ ಇತ್ತು. ಅಲ್ಲಿ ಹಾಸಿದರು. ಹಾದು ಹೋಗುವವರೆಲ್ಲ ನಿಲ್ಲುತ್ತಿದ್ದರು. ಪಕ್ಕದ ಹೊಲದ ಮುದುಕಿಯೊಬ್ಬಳು ಯಾರ ಮದುವೆಯ ಹಂದರ ಎಂದು ಕೇಳಿದಳು.

“ಸಮುದ್ರಕ್ಕ ಹೊಲ್ಯಾಕತ್ತೇನಿ, ಆಯಿ.”

“ಅಷ್ಟು ನೀರ ಇಟ್ಕೊಂಡ ಅದಕ್ಕ ನೆರಳ ಬ್ಯಾರೆ ಬೇಕೇನೋ?” ಅಂದಳು ಮುದುಕಿ, ಮುಂದೆ ಹೋದಳು.

ಹಾಯಿ ಮುಗಿದಾಗ ಅದನ್ನು ಕಟ್ಟಿ ನೋಡುವ ಪ್ರಯಾಣಕ್ಕೆ ಜೋಡಿಯಾಗಿ ಬರ್ರಿ, ನಡುಗಡ್ಡೆಗಳನ್ನೆಲ್ಲ ತೋರಿಸುತ್ತೇವೆ ಎಂದು ಲಾರಿಯವನು ಕರೆದ. ಅತ್ತೆ ಒಪ್ಪಲಿಲ್ಲ. ನೀರಿಲ್ಲದ ಊರಿನ ಸೊಸೆಗೆ ನೀರ ಮೇಲೇನು ಕೆಲಸ ಅಂದರು. ಆಗ ಲಾರಿಯವನ ಬಾಯಿಂದ ಒಂದು ನಡುಗಡ್ಡೆಯ ಹೆಸರು ಬಂತು, ಬಸವರಾಜ ದುರ್ಗ. ಅತ್ತೆಯ ತವರು ಬಸವನ ಬಾಗೇವಾಡಿ. ತಮ್ಮೂರಿನ ಬಸವಣ್ಣ ಸಮುದ್ರದ ನಡುವೆಯೂ ಒಂದು ಜಾಗ ಮಾಡಿಕೊಂಡಿದ್ದಾನೆಂದು ಅವರಿಗೆ ಅಲ್ಲೇ ಖಾತ್ರಿಯಾಯಿತು. ಅಲ್ಲಿ ಒಡೆದು ಬರಲು ಒಂದು ತೆಂಗಿನಕಾಯಿ ಕೊಟ್ಟರು. ಅದನ್ನು ನೋಡಿ ಲಾರಿಯವನು, ಇದು ನನ್ನ ಲಾರಿಯಲ್ಲೇ ಬಂದ ಕಾಯಿ ಎಂದು ನನಗೆ ಮೆಲ್ಲಗೆ ಹೇಳಿದ. ಬಂದ ದಾರಿಯಲ್ಲೇ ಅದು ನಮ್ಮ ಜೊತೆ ತಿರುಗಿ ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ಮದುವೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದು ಹೆಂಗಸರು ಕಾಡಿದಾಗ ಮಾತ್ರ ಒಡಪು ಕಟ್ಟಿ, ಪ್ರಾಸದ ಕೊನೆಗೆ ಸೇರಿಸಿ ಹೇಳಬಹುದು. ಪ್ರಾಸದೊಳಗಿದ್ದರೆ ಆಯುಷ್ಯಕ್ಕೆ ಏನೂ ಆಗುವುದಿಲ್ಲ. ನನ್ನ ಒಡಪು ಹೀಗಿತ್ತು: ಹೊಲಕ್ಕ ಚೆಂದ ಬಿಳಿಜ್ವಾಳ, ಕೊರಳಿಗೆ ಚೆಂದ ಗುಂಡಿನ ಸರ, ಸರ ತರ್ತೇನಿ ಅಂದಾರ ನಮ್ಮ ರಾಯರು... ಕೊನೆಗೆ ಹೆಸರು. ಸರ ಬಂದಿರಲಿಲ್ಲ, ಒಡಪು ಹಾಗೇ ಉಳಿದಿತ್ತು.

ಇವರಿಗೊಂದು ಹುಚ್ಚು ಹಿಡಿದಿತ್ತು. ಪರದೆ ಹೊಲಿಸಲು ಬಂದ ಸಾಹೇಬರ ಹೆಂಡತಿಯೊಬ್ಬಳು ಅಂಗಡಿಯಲ್ಲೇ ಗಂಡನನ್ನು ಹೆಸರು ಹಿಡಿದು ಕರೆದಳಂತೆ. ಸಾಹೇಬರು ಸಾಯಲಿಲ್ಲವಂತೆ. ಅಂದಿನಿಂದ ನೀನೂ ಹಾಗೆ ಕರಿ ಎಂದು ಶುರುಮಾಡಿದರು. ಎರಡು ಕೋಣೆಯ ಮನೆ, ನಡುವಿನ ಬಾಗಿಲಲ್ಲಿ ಅತ್ತೆಯ ಹಾಸಿಗೆ. ಉಪ್ಪು ಬೇಕೆಂದು ಕೇಳಲೂ ನಾವು ಅತ್ತೆಯ ಮೂಲಕವೇ ಕೇಳುತ್ತಿದ್ದೆವು. ಹೆಸರೆಲ್ಲಿ ಕರೆಯಲಿ? ಹಾಗಾದರೆ ಸಮುದ್ರದಲ್ಲಿ ಕರಿ, ಅಲ್ಲಿ ಯಾರಿರುತ್ತಾರೆ ಅಂದರು. ಆ ಮನುಷ್ಯ ನಡುಗಡ್ಡೆ ನೋಡಲು ಹೊರಟದ್ದಲ್ಲ, ಹೆಸರು ಕರೆಸಿಕೊಳ್ಳಲು ಹೊರಟದ್ದು.

ಮೊದಲ ದಿನ ಇಬ್ಬರೂ ವಾಂತಿ ಮಾಡಿದೆವು. ಇಂಡಿ ಊರಿನ ನನ್ನ ಅಕ್ಕ ಕಟ್ಟಿಕೊಟ್ಟಿದ್ದ ನಿಂಬೆಹಣ್ಣು ಮೂಸುತ್ತಾ ಎದುರುಬದುರು ಕೂತಿದ್ದೆವು. ಹಾಯಿ ಮಾತ್ರ ಗಾಳಿ ತುಂಬಿಕೊಂಡು ಬಸುರಿಯಂತೆ ನಿಂತಿತ್ತು. ಇವರು ವಾಂತಿಯ ನಡುವೆಯೂ ಮೇಲೆ ನೋಡಿ ಹೊಲಿಗೆ ಹೆಂಗೈತಿ ನೋಡು ಎಂದು ಬೆರಳು ತೋರಿಸುತ್ತಿದ್ದರು. ಮಾರನೇ ದಿನ ವಾಂತಿ ನಿಂತಿತು. ದೋಣಿಯ ಮೇಲೆ ಮರಳು ತುಂಬಿದ ಪೆಟ್ಟಿಗೆಯಲ್ಲಿ ಒಲೆ. ನಾನು ಜೋಳದ ರೊಟ್ಟಿ ಬಡಿದೆ. ಒಂದು ಅಲೆಗೆ ದುಂಡಗೆ, ಇನ್ನೊಂದಕ್ಕೆ ಉದ್ದಕ್ಕೆ ಬಂದವು. ದೋಣಿ ನಡೆಸುವ ತಾಂಡೇಲ ಮತ್ತು ಅವನ ಜನ ಇದೇನು ಬಡಿಯುವ ಸದ್ದು ಎಂದು ಬಂದು ನೋಡಿ, ಕೂತು, ಖಾರದ ಹಿಂಡಿಯ ಜೊತೆ ತಿಂದು, ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೇಳಿದರು.

ಬಸವರಾಜ ದುರ್ಗದಲ್ಲಿ ಕೋಟೆಯ ಕಲ್ಲು, ಹುಲ್ಲು, ಗಾಳಿ ಇದ್ದವು. ನಮ್ಮ ಬಸವಣ್ಣ ಇರಲಿಲ್ಲ. ಬಸವರಾಜ ಅಂದರೆ ಯಾವನೋ ರಾಜನಿರಬೇಕು ಎಂದ ತಾಂಡೇಲ. ಅತ್ತೆಯ ಕಾಯಿಯನ್ನು ಒಂದು ಕಲ್ಲಿಗೆ ಒಡೆದು ನಾವೇ ತಿಂದೆವು. ಅಲ್ಲಿಂದ ಕಾರವಾರದ ಕಡೆಗೆ ಒಂದೊಂದೇ ನಡುಗಡ್ಡೆಯಲ್ಲಿ ನಿಂತು ಹೋದೆವು. ಒಂದರಲ್ಲಿ ಬಿಳಿ ಮರಳಿನ ಮೇಲೆ ಪಕ್ಕಪಕ್ಕ ನಡೆದೆವು. ಮುದ್ದೇಬಿಹಾಳದಲ್ಲಿ ನಾನು ಅವರ ಬೆನ್ನು ನೋಡಿಕೊಂಡು ನಡೆದವಳು. ಅವರ ಕಿವಿಯ ಕೆಳಗೆ ಒಂದು ಮಚ್ಚೆ ಇರುವುದು ನನಗೆ ಅಲ್ಲಿ ಗೊತ್ತಾಯಿತು. ಮದುವೆಯಾಗಿ ಆರು ವರ್ಷವಾಗಿತ್ತು.

“ಈಗ ಕರಿ,” ಅಂದರು. “ಏಡಿ ಬಿಟ್ರ ಯಾರೂ ಇಲ್ಲ.”

“ಏಡಿ ಕೇಳಿದ್ರೂ ಆಯುಷ್ಯ ಕಮ್ಮಿ ಆಗ್ತೈತ್ರಿ,” ಅಂದೆ.

ಮುನಿಸಿಕೊಂಡರು. ಮರುದಿನ ಮಧ್ಯಾಹ್ನದ ತನಕ ಮುನಿಸಿತ್ತು. ಆಮೇಲೆ ತಡೆಯಲಾರದೆ ಹಾಯಿಯ ಕೆಳತುದಿಯ ಹೊಲಿಗೆ ತೋರಿಸಲು ನನ್ನನ್ನು ಕರೆದು, ದೋಣಿಯ ಅಂಚಿಗೆ ಹತ್ತಿ ನಿಂತರು. ಅದೇ ಹೊತ್ತಿಗೆ ತಾಂಡೇಲ ದೋಣಿ ತಿರುಗಿಸಿದ. ಹಾಯಿ ಮಗ್ಗಲು ಬದಲಿಸುವಾಗ ಅದರ ತುದಿ ಬಂದು ಅವರ ಕೆನ್ನೆಗೆ ಬಿತ್ತು. ತಾವೇ ಹೊಲಿದ ಬಟ್ಟೆಯಿಂದ ಏಟು ತಿಂದು ನನ್ನ ಗಂಡ ನೀರಿಗೆ ಬಿದ್ದರು.

ಈಜು ಬರುತ್ತಿತ್ತು, ಆದರೆ ಬಾವಿಯಲ್ಲಿ ಕಲಿತದ್ದು. ಬಾವಿಯಲ್ಲಿ ಯಾವ ಕಡೆ ಈಜಿದರೂ ಗೋಡೆ ಸಿಗುತ್ತದೆ. ಮೇಲೆದ್ದವರೇ ಕಣ್ಣು ಮುಚ್ಚಿಕೊಂಡು, ನಮಗೆ ಬೆನ್ನು ಮಾಡಿ, ಬಹಳ ಧೈರ್ಯದಿಂದ ಅರಬ್ಬೀ ಸಮುದ್ರದ ಆಚೆ ದಡಕ್ಕೆ ಹೊರಟರು. ತಾಂಡೇಲ ಹಾಯಿ ಇಳಿಸಿ ಹಗ್ಗ ಎಸೆದ. ಹಗ್ಗ ಅವರ ಹಿಂದೆ ಬಿತ್ತು. ದೋಣಿಯವರು ತಮ್ಮ ಭಾಷೆಯಲ್ಲಿ ಕೂಗಿದರು. ನಾನು ಏನ್ರೀ, ಏನ್ರೀ ಎಂದು ಕೂಗಿದೆ. ಅಲೆಯೊಂದು ಬಂದು ತಲೆ ಕಾಣದಾಯಿತು, ಮತ್ತೆ ಕಂಡಾಗ ಇನ್ನೂ ದೂರವಿತ್ತು.

“ಹೆಸರು ಹಿಡಿದು ಕರೆಯಮ್ಮ,” ಅಂದ ತಾಂಡೇಲ.

ಬಾಯಿ ತೆರೆದೆ. ಹೆಸರು ಬರಲಿಲ್ಲ. ಕರೆದರೆ ಆಯುಷ್ಯ ಕಡಿಮೆ, ಕರೆಯದಿದ್ದರೆ ಆಯುಷ್ಯವೇ ಇಲ್ಲ. ಆ ಹೆಸರಿಗೆ ನನ್ನ ನಾಲಿಗೆಗೆ ಗೊತ್ತಿದ್ದ ದಾರಿ ಒಂದೇ. ಗಂಡ ಮುಳುಗುತ್ತಿರುವಾಗ ನಾನು ಮಂಜಿಯ ಅಂಚು ಹಿಡಿದುಕೊಂಡು, ಹೊಲಕ್ಕ ಚೆಂದ ಬಿಳಿಜ್ವಾಳ ಎಂದು ಶುರುಮಾಡಿದೆ. ತಾಂಡೇಲ ನನಗೆ ಬುದ್ಧಿ ಕೆಟ್ಟಿತೆಂದುಕೊಂಡ. ಕೊರಳಿಗೆ ಚೆಂದ ಗುಂಡಿನ ಸರ. ಒಂದು ಪದವನ್ನೂ ಬಿಡಲು ಆಗಲಿಲ್ಲ. ಸರ ತರ್ತೇನಿ ಅಂದಾರ ನಮ್ಮ ರಾಯರು ಎಂದು ಮುಗಿಸಿ ಹೆಸರನ್ನು ಕೂಗಿದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಪ್ರಾಸವಿಲ್ಲದೆ, ಬರೀ ಹೆಸರನ್ನು, ಗಂಟಲು ಹರಿಯುವ ಹಾಗೆ ಕೂಗಿದೆ.

ಅವರು ತಿರುಗಿದರು.

ದೋಣಿಯೊಳಗೆ ಎಳೆದು ಹಾಕಿದ ಮೇಲೆ ಕುಡಿದ ನೀರನ್ನೆಲ್ಲ ಕಾರಿ, ನನ್ನ ಕಡೆ ನೋಡಿ, “ಅಷ್ಟ ಜನರ ಮುಂದ ಸರದ ಮಾತ ತೆಗಿಬೇಕಾಗಿತ್ತೇನು?” ಅಂದರು.

ಅಂದರೆ ಒಡಪು ಕೇಳಿಸಿತ್ತು. ಕೇಳಿಸಿದ್ದರೆ ಯಾಕೆ ತಿರುಗಲಿಲ್ಲ ಎಂದೆ. ಹೆಸರು ಬರುವ ತನಕ ತಡೆದು ನೋಡೋಣ ಅನಿಸಿತು ಅಂದರು. ನಿಜವೋ, ನಾಚಿಕೆ ಮುಚ್ಚಿಕೊಳ್ಳಲು ಹೇಳಿದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ಆವತ್ತು ಒದ್ದೆ ಬೆನ್ನಿಗೆ ಎರಡು ಗುದ್ದಿದೆ. ಗಂಡನಿಗೆ ಹೊಡೆದರೆ ಆಯುಷ್ಯ ಕಡಿಮೆಯಾಗುತ್ತದೆಂದು ಯಾರೂ ಹೇಳಿರಲಿಲ್ಲ.

ಊರಿಗೆ ಬಂದಾಗ ಅತ್ತೆ ಯಾತ್ರೆಯಿಂದ ಬಂದವರಿಗೆ ಮಾಡುವಂತೆ ನಮ್ಮ ಕಾಲಿಗೆ ನೀರು ಹಾಕಿದರು. ಬಸವಣ್ಣ ಹೆಂಗದಾನ ಎಂದು ಕೇಳಿದರು. ಆರಾಮ ಅದಾನ ಎಂದರು ಇವರು. ಮರುದಿನದಿಂದ ನಾನು ಮತ್ತೆ ಏನ್ರೀ ಅಂದೆ. ಅತ್ತೆ ಹೋದರು, ಮಗಳು ಬೆಳೆದಳು, ಮನೆಗೆ ಮೂರನೆಯ ಕೋಣೆ ಬಂತು. ನಾನು ಕರೆಯಲಿಲ್ಲ. ಮುನಿಸು ಬಂದಾಗೆಲ್ಲ, ನಿನ್ನ ಬಾಯಿ ಬಿಡಿಸಬೇಕಂದ್ರ ನೀರಿಗೆ ಬೀಳಬೇಕು ಎಂದು ಗೊಣಗುತ್ತಿದ್ದರು.

ಈ ಬೇಸಿಗೆಯಲ್ಲಿ ಮಲಗಿದವರು ಏಳಲಿಲ್ಲ. ಒಂದು ಸಂಜೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವರು ಕರಿ ಅಂದರು. ನೀವೇನು ನೀರಾಗ ಬಿದ್ದೀರೇನ್ರಿ ಎಂದೆ.

“ಬಿದ್ದಂಗ ಐತಿ,” ಅಂದರು.

ಆಯುಷ್ಯದ ಮಾತು ತೆಗೆಯಲು ನನಗೆ ಬಾಯಿ ಬರಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಬಿಳಿಜ್ವಾಳದಿಂದ ಶುರುಮಾಡಿ, ಪೂರ್ತಿ ಹೇಳಿ, ಹೆಸರು ಕರೆದೆ. ಅವರು ಮೆಲ್ಲಗೆ ಈ ಕಡೆ ಹೊರಳಿದರು. ಮುಖದಲ್ಲಿ ಅದೇ ಕಳ್ಳ ನಗು.

“ಸರ ಮಾಡಿಸಲೇ ಇಲ್ಲ ನೋಡು,” ಅಂದರು.

ಮರುದಿನ ಬೆಳಗ್ಗೆ ಚಹಾ ತೆಗೆದುಕೊಂಡು ಹೋದಾಗ ಮತ್ತೆ ಗೋಡೆಯ ಕಡೆ ತಿರುಗಿದ್ದರು. ಕರೆದೆ. ಒಡಪಿಲ್ಲದೆ, ಬರೀ ಹೆಸರನ್ನು, ಮಗಳು ಓಡಿ ಬರುವ ತನಕ ಕರೆದೆ. ತಡೆದು ನೋಡುತ್ತಿದ್ದಾರೆ ಎಂದೇ ನನಗೆ ಬಹಳ ಹೊತ್ತು ಅನಿಸುತ್ತಿತ್ತು.