ಕಲ್ನೆಕ್ಕಿ ಬರೆದ ಪುಟ

ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಆದರೆ ಮೀನು ಕಂಡಿದ್ದೆಲ್ಲ ಕಾಲೇಜಿನ ಗಾಜಿನ ಬಾಟಲಿಗಳಲ್ಲಿ. ಹೊಸಪೇಟೆಯ ನಮ್ಮ ಮನೆ ಲಿಂಗ ಕಟ್ಟಿದವರದು. ಪ್ರಾಕ್ಟಿಕಲ್ ಇದ್ದ ದಿನ ಅವ್ವ ನನ್ನನ್ನು ಹಿತ್ತಲ ಬಾಗಿಲಿಂದ ಕರೆದು, ತಲೆಗೆ ನೀರು ಹಾಕಿಸಿ, ಆಮೇಲೆ ತಟ್ಟೆ ಇಡುತ್ತಿದ್ದಳು. ಇಂಥವನಿಗೆ ಹಳ್ಳದ ಮೀನುಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿತು ಅಂದರೆ ಅದು ಅದಿರಿನ ಕಾಲದ ಮಹಿಮೆ.

ಆಗ ಸಂಡೂರಿನ ಗುಡ್ಡಗಳಿಂದ ಲಾರಿಗಳು ಬಿಡುವಿಲ್ಲದೆ ಇಳಿಯುತ್ತಿದ್ದವು. ಹೊಸ ಗಣಿ ಬೇಕೆಂದರೆ ಪರಿಸರದ ವರದಿ ಬೇಕು. ಅಂಥ ವರದಿ ಬರೆದುಕೊಡುವ ಒಂದು ಆಫೀಸಿಗೆ ನಾನು ಸೇರಿದ್ದೆ. ಸಂಡೂರಿನಾಚೆಯ ಒಂದು ಹಳ್ಳದ ನೆತ್ತಿಯ ಮೇಲೆ ಗಣಿಯ ಮಣ್ಣು ಸುರಿಯುವುದಿತ್ತು. ಹಳ್ಳದಲ್ಲಿ ಯಾವ ಜೀವ ಇದೆ ಎಂದು ನಾನು ಹೋಗಿ ನೋಡಿ ಬರೆಯಬೇಕಿತ್ತು.

ಹಳ್ಳದ ದಂಡೆಯ ಊರಿನ ಹೆಂಗಸೊಬ್ಬಳು ಜೊತೆಗೆ ಬಂದಳು. ಹಳ್ಳದ ಸಣ್ಣ ಮೀನು ಹಿಡಿದು ಸಂತೆಗೆ ಒಯ್ಯುವವಳು, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದಳು. ನಾನು ಬೂಟು ಬಿಚ್ಚದೆ ಬಂಡೆಯ ಮೇಲೆ ನೋಟ್‌ಬುಕ್ಕು ಹಿಡಿದು ನಿಂತೆ.

"ಮೀನ ಮುಟ್ಟಾಕ ಹೆದರ್ತೀರಿ, ಮೀನಿನ ಲೆಕ್ಕ ಬರೀತೀರಿ. ಮಸ್ತ್ ಐತ್ರಿ ಸರ ನಿಮ್ಮ ನೌಕರಿ!" ಅಂದಳು.

ನೀರೊಳಗಿಂದ ಒಂದು ಕಲ್ಲು ಎತ್ತಿ ತಿರುಗಿಸಿದಳು. ಕಲ್ಲಿನ ಅಡಿಗೆ ಬೆರಳುದ್ದದ ಕಂದು ಮೀನೊಂದು ಬಾಯಿ ಊರಿ ಅಂಟಿಕೊಂಡಿತ್ತು. ನೀರಿನಿಂದ ಮೇಲೆ ಬಂದರೂ ಬಿಡಲಿಲ್ಲ.

"ಇದು ಕಲ್ನೆಕ್ಕಿ ರಿ. ಕಲ್ಲಿನ ಮ್ಯಾಲಿನ ಪಾಚಿ ನೆಕ್ಕಿ ಬದುಕತೈತಿ. ಕಲ್ನೆಕ್ಕಿ ಇದ್ದಲ್ಲಿ ನೀರು ಹಂಗ ಬೊಗಸಿಲೆ ಕುಡೀಬೋದು. ನಮ್ಮೂರಿಗೆ ಇದ ನೀರು. ಇದನ್ನ ಮೊದ್ಲು ಬರ್ಕೊಳ್ರಿ."

ಬರೆದೆ. ಆಕೆಗೆ ಓದು ಬಾರದು. ಆದರೂ ಕತ್ತು ಚಾಚಿ, ನಾನು ಬರೆಯುವುದನ್ನು ಕೊನೆಯ ಅಕ್ಷರದವರೆಗೂ ನೋಡಿದಳು.

"ಬಾಟ್ಲ್ಯಾಗ ಹಾಕ್ಕೊಡ್ಲೇನ್ರಿ? ಊರಿಗೆ ಒಯ್ದು ನಿಮ್ಮೋರಿಗೆ ತೋರಸ್ರಿ."

"ಬ್ಯಾಡಕ್ಕ, ಬರ್ಕೊಂಡೀನಲ್ಲ, ಸಾಕು" ಅಂದೆ. ನಿಜವೇನೆಂದರೆ, ಆಫೀಸು ಮುಚ್ಚುವ ಹೊತ್ತಾಗಿತ್ತು. ಬಾಟಲಿ ನನ್ನ ಜೊತೆ ಮನೆಗೆ ಬರಬೇಕಿತ್ತು. ಮೂವತ್ತು ವರ್ಷದ ಗಂಡಸು ನಾನು, ಅವ್ವನಿಗೆ ಹೆದರಿ ಒಂದು ಬೆರಳುದ್ದದ ಮೀನನ್ನು ಹಳ್ಳಕ್ಕೆ ವಾಪಸು ಬಿಡಿಸಿದೆ.

ಮರುದಿನ ನಮ್ಮ ಯಜಮಾನರು ಪಟ್ಟಿ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

"ಏನಪಾ ಇದು ಕಲ್ನೆಕ್ಕಿ? ಶಾಸ್ತ್ರದ ಹೆಸರು ಎಲ್ಲೈತಿ? ಮೀನು ತಂದೀಯೇನು?"

"ಇಲ್ರಿ."

"ಹಂಗಾದ್ರ ಬಿಡು. ಇಂಥಾ ಹೆಸ್ರು ಹಾಕಿದ್ರ ಬೆಂಗಳೂರಾಗ ನಗ್ತಾರ."

ಇನ್ನೊಮ್ಮೆ ಹೋಗಿ ತರುತ್ತೇನೆ ಅನ್ನಬಹುದಿತ್ತು. ಸಂಡೂರಿಗೆ ಬಸ್ಸಿಗೇನು ಬರವೇ? ನಾನು ಅನ್ನಲಿಲ್ಲ. ಓದಿದವನ ಜಂಭವೂ ಸೇರಿಕೊಂಡಿತು. ಪುಸ್ತಕದಲ್ಲಿ ಹುಡುಕಿ ಸಿಗದ ಹೆಸರು ಮೀನೇ ಅಲ್ಲವೆಂಬಂತೆ ಆ ಸಾಲು ಬಿಟ್ಟು ಉಳಿದದ್ದನ್ನು ನಕಲು ಮಾಡಿದೆ.

ಕೆಲವು ತಿಂಗಳ ಮೇಲೆ ಆ ಊರಿನಲ್ಲಿ ಶಾಮಿಯಾನ ಹಾಕಿ, ಗಣಿಯ ಬಗ್ಗೆ ಊರವರ ಅಹವಾಲು ಕೇಳುವ ಸಭೆ ಕರೆದರು. ಸಭೆ ನಡೆಸಲು ಬಂದ ಸರಕಾರಿ ಸಾಹೇಬರು ನಮ್ಮ ವರದಿ ಓದಿದರು. ಹಳ್ಳದಲ್ಲಿ ಹೇಳಿಕೊಳ್ಳುವಂಥ ಜಲಚರ ಏನೂ ಇಲ್ಲ ಎಂಬಲ್ಲಿಗೆ ಬಂದಾಗ ಹಿಂದಿನಿಂದ ಆಕೆ ಎದ್ದು ನಿಂತಳು.

"ಸುಳ್ಳು ರಿ! ಕಲ್ನೆಕ್ಕಿ ಐತಿ. ಆ ಸರ ನನ್ನ ಮುಂದ ಬರ್ಕೊಂಡಾರ. ನಾ ಕಣ್ಣಾರೆ ನೋಡೀನಿ. ಕೇಳ್ರಿ ಬೇಕಾರ ಅವ್ರನ್ನ."

ಊರಿಗೆ ಊರೇ ನನ್ನ ಕಡೆ ತಿರುಗಿತು. ಆಕೆಯ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ನೋಟ್‌ಬುಕ್ಕು ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಜಿಪ್ಪು ಎಳೆದರೆ ಸಾಕಿತ್ತು. ನಾನು ಚೀಲದ ಮೇಲೆ ಎರಡೂ ಕೈ ಊರಿ ಕುಳಿತೆ.

"ಅಂಥಾ ಮೀನು ಐತೇನ್ರಿ?" ಸಾಹೇಬರು ಕೇಳಿದರು.

"ಪರಿಶೀಲಿಸಬೇಕು ಸರ್" ಅಂದೆ.

ಸಾಹೇಬರು ಪುಟ ತಿರುಗಿಸಿದರು. ಸಭೆ ಮುಗಿಯಿತು. ನಾನು ಜೀಪು ಹತ್ತುವಾಗ ಆಕೆ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ತಪ್ಪಾತೇನ್ರಿ ಸರ? ನಮ್ಮ ಕಡೆ ಹಂಗ ಅಂತೀವ್ರಿ. ಅದಕ್ಕ ಬ್ಯಾರೆ ಹೆಸರು ಇತ್ತೇನು? ನಾ ತಪ್ಪು ಹೇಳಿದ್ದಕ್ಕ ಬಿಟ್ಟು ಹೋತೇನು?"

ನಾನು ಜೀಪು ಹತ್ತಿ ಬಾಗಿಲು ಎಳೆದುಕೊಂಡೆ. ಡ್ರೈವರ್ ಗಾಡಿ ತೆಗೆದ.

ಎರಡು ಮಳೆಗಾಲ ಕಳೆದ ಮೇಲೆ ಕೆಲಸ ಬಿಟ್ಟು, ಒಬ್ಬನೇ ಆ ಹಳ್ಳಕ್ಕೆ ಹೋದೆ. ನೀರು ಕಾವಿ ಕಲಸಿದಂತಿತ್ತು. ಈ ಸಲ ಬೂಟು ಬಿಚ್ಚಿ ಇಳಿದೆ. ಒಂದೊಂದೇ ಕಲ್ಲು ತಿರುಗಿಸಿದೆ. ಎಲ್ಲದಕ್ಕೂ ಕೆಂಪು ಕೆಸರು ಮೆತ್ತಿತ್ತು, ನೆಕ್ಕಲು ಪಾಚಿಯೇ ಇರಲಿಲ್ಲ. ಊರಿನಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲಿತ್ತು. ಸಾಲಿನ ನಡುವೆ ಆಕೆಯೂ ನಿಂತಿದ್ದಳು. ಅವಳು ನನ್ನನ್ನು ನೋಡುವ ಮೊದಲೇ ತಿರುಗಿ ಬಂದುಬಿಟ್ಟೆ.

ಆ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ. ಆ ಪುಟದಲ್ಲಿ ಮೊದಲ ಹೆಸರೇ ಅದು. ಅಕ್ಕಾ, ನೀನು ಹೇಳಿದ ಹೆಸರು ಸರಿಯಾಗಿಯೇ ಇತ್ತು. ಇಷ್ಟನ್ನಾದರೂ ಆವತ್ತು ಜೀಪು ಹತ್ತುವ ಮೊದಲು ಹೇಳಬೇಕಿತ್ತು.